37 ಹಳೆಯ ಫುಟ್‌ಬಾಲ್ ಬಿಚ್ಚಿ ಒಂದು ದೊಡ್ಡದು ಹೊಲಿದದ್ದು

ಸ್ವಂತ ಊರಿನ ಗ್ಯಾಲರಿಗೆ ಫುಟ್‌ಬಾಲ್ ಮೇಲೆ ಏನಾದರೂ ಮಾಡುವುದು ಅಂತ ನಿರ್ಧಾರವಾದ ದಿನವೇ ಒಂದು ವಿಷಯ ಖಚಿತವಿತ್ತು. ನೋಡಲು ಬರುವವರಲ್ಲಿ ಬಹಳ ಜನ ಆಡಿದವರು. ಅವರು ಕೈ ಕಟ್ಟಿಕೊಂಡು ದೂರ ನಿಲ್ಲುವವರಲ್ಲ. ಚೆಂಡು ಕಂಡರೆ ಕಾಲು ತಾನಾಗಿ ಮುಂದೆ ಹೋಗುತ್ತದೆ. ಬೇರೆ ಊರಲ್ಲಾದರೆ 'ಮುಟ್ಟಬೇಡಿ' ಅಂತ ಬೋರ್ಡ್ ಹಾಕಿ ಸುಮ್ಮನಿರಬಹುದಿತ್ತು, ಆದರೆ ಜೊತೆಗೆ ಆಡಿದವರ ಮುಂದೆ ಆ ಬೋರ್ಡ್ ನೆಡಲು ನನಗೆ ಮುಖವಿಲ್ಲ. ಹಾಗಾಗಿ ಮೊದಲ ಷರತ್ತು ಇದು: ಮುಟ್ಟಿದರೂ, ತಳ್ಳಿದರೂ, ಒಂದೆರಡು ಒದೆ ಬಿದ್ದರೂ ಏನೂ ಆಗಬಾರದು.

ಆಟಗಾರನ ಚಿತ್ರ ಬೇಡ ಅಂತ ಬೇಗ ತೀರ್ಮಾನಿಸಿದೆ. ಓಡುವ ಆಟಗಾರನನ್ನು ಇಟಲಿಯ ಕಲಾವಿದ ಉಂಬರ್ತೊ ಬೊಚ್ಚೋನಿ 1913ರಲ್ಲೇ ಬಣ್ಣದ ಚೂರುಗಳಾಗಿ ಒಡೆದು ತೋರಿಸಿಬಿಟ್ಟಿದ್ದಾನೆ, ಪೆಲೆಯ ಮುಖವನ್ನು 1977ರಲ್ಲಿ ಆ್ಯಂಡಿ ವಾರ್ಹಾಲ್ ಮುಗಿಸಿಟ್ಟಿದ್ದಾನೆ. ನನಗೆ ಚೆಂಡು ಸಾಕು. ಹಳೆಯ ಚೆಂಡುಗಳನ್ನು ಬಿಚ್ಚಿ, ಆ ತುಂಡುಗಳಿಂದಲೇ ಸುಮಾರು 1.2 ಮೀಟರ್ ಅಗಲದ ಒಂದು ಚೆಂಡು. ಕಟ್ಟಿದ ಕ್ರಮ ಇಲ್ಲಿದೆ, ಯಾರಿಗಾದರೂ ಮಾಡುವ ಮನಸ್ಸಾದರೆ ಉಪಯೋಗಕ್ಕೆ ಬರಲಿ.

ಯಾವ ಚೆಂಡು ಆಗುತ್ತದೆ, ಯಾವುದು ಆಗುವುದಿಲ್ಲ

ಕೈಯಲ್ಲಿ ಹೊಲಿದ, 32 ಪ್ಯಾನೆಲ್‌ನ, 5ನೇ ಸೈಜಿನ ಚೆಂಡು ಬೇಕು. 12 ಪಂಚಭುಜ, 20 ಷಡ್ಭುಜ. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಅಡಿಡಾಸ್ ಕೊಟ್ಟ ಟೆಲ್‌ಸ್ಟಾರ್ ಇದೇ ಜಾತಿ. ಕಪ್ಪು-ಬಿಳಿ ಟಿವಿಯಲ್ಲಿ ಎದ್ದು ಕಾಣಲಿ ಅಂತ ಐದು ಮೂಲೆಯವಕ್ಕೆ ಕಪ್ಪು ಬಳಿದರು. ಫುಟ್‌ಬಾಲ್ ಬಿಡಿಸು ಅಂದರೆ ಇವತ್ತಿಗೂ ಮಕ್ಕಳು ಅದನ್ನೇ ಬಿಡಿಸುತ್ತಾರೆ, ಅಲ್ವಾ? ಮೈದಾನದಲ್ಲಿ ಅಂಥ ಚೆಂಡು ಅಪರೂಪವಾಗಿ ಎಷ್ಟೋ ಕಾಲವಾಯಿತು.

ಹೊಸ ಕಾಲದ ದೊಡ್ಡ ಪಂದ್ಯಗಳ ಚೆಂಡು ಈ ಕೆಲಸಕ್ಕೆ ಬಾರದು. 2006ರ ವಿಶ್ವಕಪ್ ಚೆಂಡಿನಲ್ಲಿ 14 ಪ್ಯಾನೆಲ್, 2010ರ ಜಬುಲಾನಿಯಲ್ಲಿ 8, 2014ರ ಬ್ರಝೂಕಾದಲ್ಲಿ 6. ಎಲ್ಲವೂ ಶಾಖದಲ್ಲಿ ಅಂಟಿಸಿದವು, ಬಿಚ್ಚಲು ಹೊಲಿಗೆಯೇ ಇಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ರಬ್ಬರ್ ಚೆಂಡೂ ಬೇಡ. ಅದರ ಮೇಲಿನ ಗೆರೆಗಳು ಬರೀ ವೇಷ. ಗುರುತಿಸುವುದು ಸುಲಭ: ಎರಡು ಪ್ಯಾನೆಲ್ ನಡುವೆ ಹೆಬ್ಬೆರಳಿನಿಂದ ಒತ್ತಿ ಅಗಲಿಸಿದರೆ ದಾರ ಕಂಡರೆ ಸರಿ.

ಕ್ಲಬ್ಬುಗಳಲ್ಲಿ, ಶಾಲೆಗಳ ಸ್ಟೋರ್ ರೂಮಿನಲ್ಲಿ ಗಾಳಿ ಹೋದ ಚೆಂಡು ಎಷ್ಟು ಬೇಕಾದರೂ ಇರುತ್ತವೆ. ಕೇಳಿದ್ದಷ್ಟೇ, ಗೋಣಿಚೀಲಗಟ್ಟಲೆ ಬಂದವು. ಮೇಲ್ಪದರ ಸಿಪ್ಪೆಯಂತೆ ಏಳುತ್ತಿದ್ದವನ್ನು ಬದಿಗಿಟ್ಟೆ. ಪಾಲಿಯುರೆಥೇನ್ ಪದರ ಗಾಳಿಯ ತೇವ ಹೀರಿ ವರ್ಷಗಳು ಕಳೆದಂತೆ ತಾನೇ ಒಡೆಯುತ್ತದೆ, ಯಾವ ಅಂಟು ಹಾಕಿದರೂ ನಿಲ್ಲುವುದಿಲ್ಲ. ಕೆಸರಿನ ಕಲೆ, ಗೀರು, ಮಾಸಿದ ಬಣ್ಣ ಇದ್ದವೆಲ್ಲ ಒಳಗೆ ಬಂದವು. ಚೆಂಡಿನ ಮೇಲೆ ಪೆನ್ನಿನಲ್ಲಿ ಬರೆದ ತಂಡದ ಹೆಸರು, ನಂಬರ್, ಯಾರದೋ ಅಡ್ಡಹೆಸರು ಇದ್ದ ಪ್ಯಾನೆಲ್‌ಗಳಿಗೆ ಬೇರೆಯೇ ಡಬ್ಬಿ ಮಾಡಿದೆ. ಅವು ಮುಂದೆ ಬೇಕಾಗುತ್ತವೆ.

ಬಿಚ್ಚುವುದು

ಮೊದಲು ವಾಲ್ವಿಗೆ ಸೂಜಿ ಹಾಕಿ ಉಳಿದ ಗಾಳಿ ತೆಗೆಯಬೇಕು. ಗಾಳಿ ಇರುವಾಗ ಹೊಲಿಗೆಗೆ ಚಾಕು ಹಾಕಿದರೆ ಒಳಗಿನ ಗಾಳಿಚೀಲ, ಅಂದರೆ ಬ್ಲಾಡರ್, ತೂತಾಗುತ್ತದೆ, ನಮಗೆ ಬ್ಲಾಡರೂ ಬೇಕು.

ಕೈಹೊಲಿಗೆಯ ಚೆಂಡನ್ನು ಒಳಮೇಲಾಗಿ ಹೊಲಿದು, ತಿರುಗಿಸಿ, ಬ್ಲಾಡರ್ ಕೂರಿಸಿ, ಕೊನೆಯ ಕೆಲವು ಅಂಚುಗಳನ್ನು ಹೊರಗಿನಿಂದ ಮುಚ್ಚಿರುತ್ತಾರೆ. ಆ ಕೊನೆಯ ಅಂಚು ಸ್ವಲ್ಪ ಬೇರೆ ಥರ ಕಾಣುತ್ತದೆ, ದಾರ ಒಂದು ಕೂದಲಷ್ಟು ಜಾಸ್ತಿ ಹೊರಗೆ. ಅಲ್ಲಿಂದ ಶುರು ಮಾಡಿದರೆ ಬೇಗ ಸುಲಿಯುತ್ತದೆ. ದರ್ಜಿಗಳು ಹೊಲಿಗೆ ಬಿಚ್ಚಲು ಬಳಸುವ ಸಣ್ಣ ಕವಲುಚಾಕು ಸಾಕು. ದಾರ ಮಾತ್ರ ಕತ್ತರಿಸಬೇಕು, ರಂಧ್ರ ಹರಿಯಬಾರದು. ಅದೇ ರಂಧ್ರಗಳಲ್ಲಿ ಮತ್ತೆ ಹೊಲಿಯುವುದಿದೆ.

ಒಳಗೆ ತಿರುಗಿಸಿ ನೋಡಿದರೆ ಬಟ್ಟೆಯ ಅಸ್ತರು, ಪದರದ ಮೇಲೆ ಪದರ, ನಡುವೆ ರಬ್ಬರ್ ಹಾಲಿನ ಅಂಟು. ಹೊರಗೆ ಎಷ್ಟೇ ಸವೆದಿದ್ದರೂ ಒಳಗೆ ಹೊಲಿಗೆ ಹೊಚ್ಚ ಹೊಸದರಂತೆ ಇರುತ್ತದೆ. ಪ್ರತಿ ಹೊಲಿಗೆಯನ್ನೂ ಯಾರೋ ಎರಡು ಸೂಜಿ ಹಿಡಿದು, ಎರಡು ಕಡೆಯಿಂದ ದಾಟಿಸಿ, ತೋಳು ಅಗಲಿಸಿ ಎಳೆದಿದ್ದಾರೆ. ಪಾಕಿಸ್ತಾನದ ಸಿಯಾಲ್‌ಕೋಟ್, ನಮ್ಮ ಜಲಂಧರ್, ಮೀರತ್, ಇಲ್ಲೆಲ್ಲ ಇದು ಮನೆಮನೆಯ ಕೆಲಸವಾಗಿತ್ತು. ಅದರಲ್ಲಿ ಮಕ್ಕಳೂ ಇದ್ದರು. ಸಿಯಾಲ್‌ಕೋಟಿನಲ್ಲಿ ಮಕ್ಕಳಿಂದ ಚೆಂಡು ಹೊಲಿಸುವುದನ್ನು ನಿಲ್ಲಿಸಲು 1997ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಒಪ್ಪಂದವಾಯಿತು. ಎದುರು ರಾಶಿ ಬಿದ್ದ ದಾರ ನೋಡಿದಾಗ, ಇದರಲ್ಲಿ ಯಾವುದು 1997ಕ್ಕಿಂತ ಹಳೆಯದು ಅಂತ ಯೋಚನೆ ಬರದೆ ಇರುವುದಿಲ್ಲ.

ಬಿಚ್ಚಿದ ಪ್ಯಾನೆಲ್ ಪೂರ್ತಿ ಚಪ್ಪಟೆ ಇರುವುದಿಲ್ಲ, ಗಾಳಿಯ ಒತ್ತಡಕ್ಕೆ ಹೊಟ್ಟೆ ಬಂದಿರುತ್ತದೆ. ಸಾಬೂನು ನೀರು, ಮೆತ್ತನೆ ಬ್ರಷ್, ಒಣಗಿದ ಮೇಲೆ ಎರಡು ಹಲಗೆ ನಡುವೆ ಇಟ್ಟು ಮೇಲೆ ಭಾರ. ಇಸ್ತ್ರಿ ಪೆಟ್ಟಿಗೆ ತೋರಿಸಬೇಡಿ, ಪಿವಿಸಿ ಮೇಲ್ಪದರ ಕರಗಿ ಹೊಳೆಯುತ್ತದೆ.

ಲೆಕ್ಕ

ಚೆಂಡು ಯಾಕೆ ಗುಂಡಗಿದೆ ಅನ್ನುವುದು ಇಲ್ಲಿ ಕೈಗೆ ಸಿಗುತ್ತದೆ. ಪ್ರತಿ ಮೂಲೆಯಲ್ಲಿ ಎರಡು ಷಡ್ಭುಜ, ಒಂದು ಪಂಚಭುಜ ಸೇರುತ್ತವೆ: 120, 120, 108. ಒಟ್ಟು 348 ಡಿಗ್ರಿ. ಚಪ್ಪಟೆಯಾಗಿ ಕೂರಲು 360 ಬೇಕು. ಆ 12 ಡಿಗ್ರಿ ಕಡಿಮೆ ಇರುವುದರಿಂದಲೇ ತುಂಡುಗಳು ಬಾಗಲೇಬೇಕು. 60 ಮೂಲೆ, ಪ್ರತಿಯೊಂದರಲ್ಲೂ 12, ಕೂಡಿದರೆ 720 ಡಿಗ್ರಿ. ರಂಧ್ರವಿಲ್ಲದ ಯಾವ ಉಬ್ಬು ಆಕಾರ ಮುಚ್ಚಬೇಕಾದರೂ ಒಟ್ಟು ಕೊರತೆ ಇಷ್ಟೇ ಇರಬೇಕು, ಇದನ್ನು ಫ್ರಾನ್ಸಿನ ಗಣಿತಜ್ಞ ದೆಕಾರ್ತ್ ಹದಿನೇಳನೇ ಶತಮಾನದಲ್ಲೇ ಕಂಡುಕೊಂಡಿದ್ದ.

ದೊಡ್ಡ ಚೆಂಡಿನ ಅಂಚು 24 ಸೆಂ.ಮೀ. ಅಂತ ಇಟ್ಟುಕೊಂಡೆ. ಈ ಆಕಾರದಲ್ಲಿ ಕೇಂದ್ರದಿಂದ ಮೂಲೆಗಿರುವ ದೂರ ಅಂಚಿನ 2.478 ಪಟ್ಟು. ಅಂದರೆ 59.5 ಸೆಂ.ಮೀ., ಅಗಲ 1.19 ಮೀಟರ್.

ನಿಜವಾದ ಚೆಂಡಿನ ಅಂಚು ಸುಮಾರು 4.5 ಸೆಂ.ಮೀ. ಒಂದು ದೊಡ್ಡ ಷಡ್ಭುಜವನ್ನು ಸಣ್ಣ ಷಡ್ಭುಜಗಳಿಂದ ಜೇನುಗೂಡಿನ ಹಾಗೆ ತುಂಬಿದರೆ, ನಡುವೆ ಒಂದು, ಸುತ್ತ 6, ಆಮೇಲೆ 12, ಆಮೇಲೆ 18, ಒಟ್ಟು 37. ಹೊರಸುತ್ತಿನ 18 ಸರಿಯಾಗಿ ಚೌಕಟ್ಟಿನ ಕಂಬಿಗೆ ಮಡಚಿ ಹೊಲಿಯುವಷ್ಟು ಹೊರಚಾಚುತ್ತವೆ. ದೊಡ್ಡ ಷಡ್ಭುಜ 20, ತಲಾ 37, ಒಟ್ಟು 740. ಒಂದು ಚೆಂಡಿನಿಂದ ಸಿಗುವುದು 20. ಹಾಗಾಗಿ 37 ಚೆಂಡು, ಕೆಟ್ಟ ಪ್ಯಾನೆಲ್‌ಗೆ ಬದಲಿ ಅಂತ ಇನ್ನೂ ಕೆಲವು.

ಇನ್ನೂ ಒಂದು ಚೆಂದದ ಹೊಂದಾಣಿಕೆ ಇದೆ. 37 ಷಡ್ಭುಜ ಸೇರಿಸಲು ಒಳಗೆ 90 ಅಂಚು ಹೊಲಿಯಬೇಕು. ಒಂದು ಇಡೀ ಫುಟ್‌ಬಾಲಿನಲ್ಲಿ ಇರುವುದೂ 90 ಅಂಚೇ. ನನ್ನ ಒಂದೊಂದು ದೊಡ್ಡ ಷಡ್ಭುಜ ಅಂದರೆ ಕೆಲಸದಲ್ಲಿ ಒಂದೊಂದು ಪೂರ್ತಿ ಚೆಂಡು. ಹೊಲಿಯುವಾಗ ಬೆರಳಿಗೆ ಇದು ಚೆನ್ನಾಗಿ ಅರ್ಥವಾಯಿತು.

ಪಂಚಭುಜಗಳ ಕಥೆ ಬೇರೆ. ದೊಡ್ಡ ಪಂಚಭುಜವನ್ನು ಸಣ್ಣ ಕಪ್ಪು ಪಂಚಭುಜಗಳಿಂದ ತುಂಬಲು ಹೋದರೆ ಅವು ಒಂದಕ್ಕೊಂದು ಒತ್ತಿಕೊಂಡು ಕೂರುವುದಿಲ್ಲ. ಒಂದು ಮೂಲೆಗೆ ಮೂರು ಇಟ್ಟರೆ 324 ಡಿಗ್ರಿ, 36 ಡಿಗ್ರಿಯ ಸಂದಿ ಉಳಿಯುತ್ತದೆ. ಎಷ್ಟೇ ಜಾಣತನದಿಂದ ಜೋಡಿಸಿದರೂ ಸಮತಲದ ಸುಮಾರು 92 ಪರ್ಸೆಂಟ್‌ಗಿಂತ ಜಾಸ್ತಿ ತುಂಬದು. ಇದನ್ನು ಮುಚ್ಚಲು ಕರಿ ಬಟ್ಟೆ ಹಾಕಬಹುದಿತ್ತು. ಹಾಕಲಿಲ್ಲ. ಬಿಳಿ ಭಾಗವೆಲ್ಲ ಗಟ್ಟಿ, ಕಪ್ಪು ಭಾಗವೆಲ್ಲ ಸಂದಿಗಳ ಜಾಲರಿ. ಟಿವಿಯಲ್ಲಿ ಕಾಣಲಿ ಅಂತ ಕಪ್ಪಾದ ಜಾಗದಿಂದಲೇ ಇಲ್ಲಿ ಒಳಗೆ ಇಣುಕಬಹುದು. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಯಶಸ್ಸು ನನ್ನದಲ್ಲ, ರೇಖಾಗಣಿತದ್ದು.

ಚೌಕಟ್ಟು

ಒಂದೇ ಅಖಂಡ ಗೂಡು ವೆಲ್ಡ್ ಮಾಡಿದರೆ ಬಾಗಿಲಲ್ಲಿ ಹಿಡಿಸದು. ಜೊತೆಗೆ ಅದು ಚೆಂಡಿನ ಸ್ವಭಾವವೂ ಅಲ್ಲ. ಚೆಂಡಿಗೆ ಎಲುಬಿಲ್ಲ. ಹಾಗಾಗಿ 32 ಬಿಡಿ ಚೌಕಟ್ಟು ಮಾಡಿ, ಆಮೇಲೆ ದಾರದಿಂದ ಹೆಣೆಯುವುದು ಅಂತ ಹೊರಟೆ. 6 ಮಿ.ಮೀ. ಗುಂಡು ಕಂಬಿ. ಒಟ್ಟು 180 ತುಂಡು, ಸುಮಾರು 43 ಮೀಟರ್, ತೂಕ ಒಂಬತ್ತೂವರೆ ಕಿಲೋ ಹತ್ತಿರ.

ಗುಂಡು ಕಂಬಿಯೇ ಯಾಕೆ ಅಂದರೆ, ಪ್ಯಾನೆಲ್‌ಗಳು ಒಂದಕ್ಕೊಂದು ಕೂರುವ ಕೋನ ಎರಡು ಥರ: ಷಡ್ಭುಜ-ಷಡ್ಭುಜ ನಡುವೆ 138 ಡಿಗ್ರಿ ಚಿಲ್ಲರೆ, ಷಡ್ಭುಜ-ಪಂಚಭುಜ ನಡುವೆ 142 ಡಿಗ್ರಿ ಚಿಲ್ಲರೆ. ಮರದ ಪಟ್ಟಿಯಾಗಿದ್ದರೆ ಪ್ರತಿ ಅಂಚನ್ನೂ ಆ ಕೋನಕ್ಕೆ ಓರೆಯಾಗಿ ಹೆರೆಯಬೇಕು. ಗುಂಡು ಕಂಬಿ ಎಷ್ಟು ಕೋನ ಬಂದರೂ ಒಂದರ ಮೇಲೊಂದು ಉರುಳಿ ಹೊಂದಿಕೊಳ್ಳುತ್ತದೆ.

ಅಳತೆ ಹೊರ ಅಂಚಿನದು ಇರಲಿ. 6 ಮಿ.ಮೀ. ದಪ್ಪದಿಂದ ಪಂಚಭುಜದ ಅಂಚು ಹೊರಗೆ 4.4 ಮಿ.ಮೀ. ಬೆಳೆಯುತ್ತದೆ, ಷಡ್ಭುಜದ್ದು 3.5. ಕಂಬಿಯ ನಡುಗೆರೆ ಹಿಡಿದು ಎರಡನ್ನೂ 24 ಅಂತ ಕತ್ತರಿಸಿದರೆ ಪ್ರತಿ ಅಂಚಲ್ಲೂ ಹತ್ತಿರ ಹತ್ತಿರ ಒಂದು ಮಿ.ಮೀ. ಜಗಳ. ಪ್ಲೈವುಡ್ ಮೇಲೆ ಎರಡು ಅಚ್ಚು ಮಾಡಿ, ಹೊರಗಡೆ ಮೊಳೆ ಹೊಡೆದು, ಅದರೊಳಗೇ ಕಂಬಿ ಕೂರಿಸಿ ಟಾಕಾ ಹಾಕಿಸಿದರೆ ಈ ತಲೆನೋವಿಲ್ಲ. ವೆಲ್ಡಿಂಗ್ ಗುಳ್ಳೆಗಳನ್ನು ಪೂರ್ತಿ ಉಜ್ಜಿ ನಯ ಮಾಡಿ, ಪ್ರೈಮರ್, ಮೇಲೆ ಬಣ್ಣ. ತುಕ್ಕಿನ ಕಲೆ ಬಿಳಿ ಪ್ಯಾನೆಲ್ ಮೇಲೆ ಬಂದರೆ ಹೋಗುವುದಿಲ್ಲ.

ಇಲ್ಲಿ ಬ್ಲಾಡರ್ ಕೆಲಸಕ್ಕೆ ಬಂತು. ಬ್ಯುಟೈಲ್ ರಬ್ಬರಿನವನ್ನು ಪಟ್ಟಿ ಪಟ್ಟಿ ಕತ್ತರಿಸಿ ಕಂಬಿಗೆ ಸುತ್ತಿದೆ. ಲೇಟೆಕ್ಸ್ ಬ್ಲಾಡರ್ ಬೇಡ, ಅವು ಬೇಗ ಜಿಗುಟಾಗಿ ಕೊಳೆಯುತ್ತವೆ. ಈ ಸುತ್ತಿನಿಂದ ಎರಡು ಲಾಭ: ಕಂಬಿ ಕಂಬಿಗೆ ತಾಗಿ ಕಿಣಿಕಿಣಿ ಅನ್ನುವುದಿಲ್ಲ, ಕಾಲು ಬೀಸಿದವರ ಬೆರಳೂ ಉಳಿಯುತ್ತದೆ.

ಹೊಲಿಗೆ

ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ, ಎರಡು ದಬ್ಬಳ. ಒಂದೇ ರಂಧ್ರದಲ್ಲಿ ಎರಡೂ ಕಡೆಯಿಂದ ದಾಟಿಸುವ ಹೊಲಿಗೆ. ಒಂದು ಕಡೆ ದಾರ ಕಡಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ, ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಬೇರೆ ಬೇರೆ ತಯಾರಕರ ಪ್ಯಾನೆಲ್‌ಗಳಲ್ಲಿ ರಂಧ್ರಗಳ ಸಂಖ್ಯೆಯೂ ಬೇರೆ ಇರುತ್ತದೆ. ಆದ್ದರಿಂದ ರಂಧ್ರ ಎಣಿಸಿ ರಾಶಿ ಹಾಕಿ, ಒಂದು ದೊಡ್ಡ ಷಡ್ಭುಜಕ್ಕೆ ಒಂದೇ ರಾಶಿಯಿಂದ ತೆಗೆಯುವುದು ಒಳ್ಳೆಯದು. ಇದರಿಂದ ಒಂದೊಂದು ಮುಖಕ್ಕೂ ಅದರದೇ ಬಣ್ಣದ ಛಾಯೆ ಬಂತು. ಒಂದು ಹಳದಿಗೆ ತಿರುಗಿದ ಬಿಳಿ, ಒಂದು ಬೂದಿ, ಇನ್ನೊಂದರಲ್ಲಿ ಮಾಸಿದ ನೀಲಿ ಗೆರೆ.

ಹೆಸರು ಬರೆದ ಪ್ಯಾನೆಲ್‌ಗಳನ್ನು ಎಲ್ಲಿ ಇಡುವುದು ಅಂತ ಬಹಳ ಯೋಚಿಸಿದೆ. ಹೊರಗಿನವರಿಗೆ ಅದು ಗೀಚು. ಊರಿನವರಿಗೆ ಅದೇ ಮುಖ್ಯ. ಆದ್ದರಿಂದ ಅವೆಲ್ಲ ಚೆಂಡಿನ ಮೇಲರ್ಧದ ಪಕ್ಕದ ಮುಖಗಳಿಗೆ, ನಿಂತವರ ಎದೆಮಟ್ಟಕ್ಕೆ. ದೊಡ್ಡವರು ಕತ್ತು ನೋಯಿಸಿಕೊಳ್ಳದೆ ಓದಬೇಕು, ಮಕ್ಕಳು ತಲೆಯೆತ್ತಿದರೆ ಕಾಣಬೇಕು. ಮೇಲ್ಗಡೆ ಯಾರಿಗೂ ಕಾಣದ ಜಾಗಕ್ಕೆ ತೀರಾ ಸವೆದವು ಹೋದವು.

ಹೆಣೆದು ಮುಚ್ಚುವುದು

ಚೌಕಟ್ಟುಗಳನ್ನು ಕೂಡಿಸಲು 3 ಮಿ.ಮೀ. ಹೆಣೆದ ಪಾಲಿಯೆಸ್ಟರ್ ಹುರಿ. ನೈಲಾನ್ ಬೇಡ, ಭಾರಕ್ಕೆ ಹಿಗ್ಗುತ್ತದೆ. ಹುರಿ ಅಂಚಿನುದ್ದಕ್ಕೂ ಸುರುಳಿ ಸುತ್ತಿಕೊಂಡು ಹೋಗುತ್ತದೆ. ಮೊದಲ ಸುತ್ತು ಸಡಿಲ, ಎಲ್ಲ ಸೇರಿದ ಮೇಲೆ ಬಿಗಿ.

ಎರಡು ಮುಖ ಹೆಣೆದರೆ ಅವು ಬಾಗಿಲಿನ ಕೀಲಿನಂತೆ ಆಡುತ್ತಿರುತ್ತವೆ. ಮೂರನೆಯದನ್ನು ಆ ಮೂಲೆಗೆ ತಂದು ಕಟ್ಟಿದ ಕೂಡಲೇ ಎಲ್ಲ ನಿಂತುಬಿಡುತ್ತದೆ. ಕೋನಮಾಪಕ ಬೇಕಿಲ್ಲ, ಆಧಾರ ಕಂಬ ಬೇಕಿಲ್ಲ. ಮೂರು ಗಟ್ಟಿ ಮುಖಗಳು ಒಂದು ಮೂಲೆಯಲ್ಲಿ ಕೂಡಿದರೆ ಅವುಗಳ ನಡುವಿನ ಓರೆ ಒಂದೇ ಥರ ಇರಲು ಸಾಧ್ಯ, ಹಾಗಾಗಿ 138, 142 ತಾವಾಗಿ ಬಂದು ಕೂರುತ್ತವೆ. ಇದನ್ನು ಕಾಗದದ ಮೇಲೆ ತಿಳಿದಿದ್ದರೂ, ಲಟಲಟ ಆಡುತ್ತಿದ್ದ ಕಬ್ಬಿಣ ಕೈಯಲ್ಲೇ ಬಿಗಿಯಾಗುವುದು ನೋಡಿದಾಗ ಸಿಗುವ ಖುಷಿ ಬೇರೆ. ಗಾಳಿ ತುಂಬದ ಚೆಂಡು ಮೆತ್ತಗಿರುವುದು ಪ್ಯಾನೆಲ್ ಮೆತ್ತಗಿರುವುದರಿಂದ. ಮುಖ ಗಟ್ಟಿಯಿದ್ದರೆ ಗಾಳಿ ಬೇಡವೇ ಬೇಡ.

ಎರಡು ಅರ್ಧ ಮಾಡಿದೆ. ನಡುವೆ ಒಂದು ಪಂಚಭುಜ, ಸುತ್ತ 5 ಷಡ್ಭುಜ, ಅದರಾಚೆ 5 ಪಂಚಭುಜ ಮತ್ತು 5 ಷಡ್ಭುಜ. ಒಂದು ಅರ್ಧಕ್ಕೆ 16 ಮುಖ, 35 ಅಂಚಿನ ಹೆಣಿಗೆ. ಅರ್ಧಗೋಲದ ಆಳ ಸುಮಾರು 66 ಸೆಂ.ಮೀ., ಓರೆ ಮಾಡಿದರೆ ಸಾಮಾನ್ಯ ಬಾಗಿಲಲ್ಲಿ ಆರಾಮಾಗಿ ಹೋಗುತ್ತದೆ. ಉಳಿದ 20 ಅಂಚು ಗ್ಯಾಲರಿಯಲ್ಲೇ. ಅಂಚು ಹಲ್ಲು ಹಲ್ಲಾಗಿ ಒಂದರೊಳಗೊಂದು ಕೂರುತ್ತದೆ, ಉದ್ದ 4.8 ಮೀಟರ್.

ಕೊನೆಯ ಅಂಚು ಮುಚ್ಚುವಾಗ ಒಳಗೆ ಕೈ ಹೋಗುವುದಿಲ್ಲ. ನಿಜವಾದ ಚೆಂಡು ಹೊಲಿಯುವವರಿಗೂ ಇದೇ ಫಜೀತಿ. ಅವರು ಮಾಡುವುದನ್ನೇ ಮಾಡಿದೆ: ಹುರಿಯನ್ನು ಸಡಿಲವಾಗಿ ಪೂರ್ತಿ ದಾಟಿಸಿಕೊಂಡು, ಆಮೇಲೆ ಸುತ್ತು ಸುತ್ತಾಗಿ ಎಳೆದು, ಗಂಟನ್ನು ದಬ್ಬಳದಿಂದ ಒಳಕ್ಕೆ ನೂಕುವುದು.

ತೂಗುಹಾಕಿದ್ದು

ತೂಕ 22 ಕಿಲೋ ಆಸುಪಾಸು ಬಂತು. ಪಂದ್ಯದ ಚೆಂಡು 410ರಿಂದ 450 ಗ್ರಾಂ ಇರಬೇಕು ಅನ್ನುತ್ತದೆ ನಿಯಮ, ಅಂದರೆ ಇದು ಐವತ್ತು ಚೆಂಡಿನ ಭಾರ. ನೆಲದ ಮೇಲೆ ಬಿಟ್ಟರೆ ಉರುಳಿ ಯಾರ ಕಾಲ ಮೇಲಾದರೂ ಹೋಗುತ್ತದೆ. ತೂಗುವುದೇ ಸರಿ.

ಪಂಚಭುಜ ಮೇಲೆ ಬರುವಂತೆ ತೂಗಿದರೆ ನಡುವಿನ ಜೋಡಣೆ ಸೊಂಟಪಟ್ಟಿಯ ಹಾಗೆ ಅಡ್ಡಡ್ಡ ಕಾಣುತ್ತದೆ. ಷಡ್ಭುಜ ಮೇಲಿಟ್ಟೆ. ಅದರ ಒಂದು ಬಿಟ್ಟು ಒಂದು ಮೂಲೆಯಿಂದ ಮೂರು ಉಕ್ಕಿನ ಹಗ್ಗ, ಮೇಲೆ ಒಂದು ಬಳೆ, ತಿರುಗುವ ಕೊಂಡಿ, ಅಲ್ಲಿಂದ ಒಂದೇ ಹಗ್ಗ. ಹಗ್ಗವನ್ನು ಆ ಮೂಲೆಯಲ್ಲಿ ಸೇರುವ ಮೂರೂ ಚೌಕಟ್ಟಿನ ಕಂಬಿ ಸುತ್ತಿಸಬೇಕು, ಹೊಲಿಗೆಗೆ ಭಾರ ಬೀಳಬಾರದು. ಚಾವಣಿಯ ಕೊಕ್ಕೆ ತೂಕದ ಹತ್ತು ಪಟ್ಟು ತಡೆಯುವಂಥದ್ದು. ಮೂರಕ್ಕಿಂತ ಜಾಸ್ತಿ ಹಗ್ಗ ಹಾಕಿದರೆ ಒಂದಾದರೂ ಸಡಿಲ ನೇತಾಡುತ್ತದೆ, ಸುಮ್ನೆ ಅಲಂಕಾರ.

ಕೆಳಭಾಗ ಮೊಣಕಾಲಿನ ಎತ್ತರ. ಕೊಕ್ಕೆಯಿಂದ ಚೆಂಡಿನ ನಡುವಿಗೆ 3.6 ಮೀಟರ್, ಹಾಗಾಗಿ ತಳ್ಳಿದರೆ ಹೋಗಿ ಬರಲು 3.8 ಸೆಕೆಂಡ್. ಈ ನಿಧಾನ ಗತಿ ಒಳ್ಳೆಯದಾಯಿತು, ಮಕ್ಕಳಿಗೆ ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಸುತ್ತ ಒಂದೂವರೆ ಮೀಟರ್ ಖಾಲಿ ಜಾಗ ಬಿಟ್ಟೆ.

ಒಳಗೆ ಬಲ್ಬ್ ಹಾಕಿ ಅಂತ ಕೆಲವರು ಹೇಳಿದರು. ಹಾಕಿದರೆ ಗೋಡೆ ತುಂಬ ಐದು ಮೂಲೆಯ ಬೆಳಕು ಬೀಳುತ್ತಿತ್ತು, ನಿಜ. ಆದರೆ ಆಮೇಲೆ ಅದು ಚೆಂಡಾಗಿ ಉಳಿಯುವುದಿಲ್ಲ, ಹೋಟೆಲ್ ಲಾಬಿಯ ದೀಪವಾಗುತ್ತದೆ.

ಈಗ ಅದು ನೇತಾಡುತ್ತಿದೆ. ಗೋಡೆಯ ಮೇಲಿನ ವಿವರಣೆಯ ಕಾರ್ಡು ಓದುವವರು ಕಡಿಮೆ. ಬಂದವರು ನೇರ ಹೋಗಿ ತಮ್ಮ ತಂಡದ ಹೆಸರು ಹುಡುಕುತ್ತಾರೆ, ಸಿಕ್ಕರೆ ಫೋನ್ ತೆಗೆಯುತ್ತಾರೆ, ಸಿಗದಿದ್ದರೆ ನನ್ನನ್ನು ಹಿಡಿದು ಕೇಳುತ್ತಾರೆ. ಮುಖದ ಮೇಲೆ ಬೆರಳಿನಿಂದ ತಟ್ಟಿ, ಹೊಲಿಗೆ ಎಳೆದು ನೋಡುವವರೇ ಜಾಸ್ತಿ. ಒದೆಯೂ ಬಿದ್ದಿದೆ. ಕೆಳಗಿನ ಮುಖದಲ್ಲಿ ಹೊಸ ಶೂ ಗುರುತುಗಳಿವೆ, ಒರೆಸಿಲ್ಲ. ಸಡಿಲವಾಗಿರುವುದು ನಡುವಿನ ಜೋಡಣೆಯ ಅಂಚುಗಳು ಮಾತ್ರ, ಅದೂ ತಳ್ಳುವ ಕೈಗಳು ಹೆಚ್ಚು ಬೀಳುವ ಕಡೆ. ವಾರಕ್ಕೊಮ್ಮೆ ದಬ್ಬಳ ಹಾಕಿ ಹುರಿ ಎಳೆದು ಬಿಗಿ ಮಾಡಬೇಕು. ತನ್ನ ಚೆಂಡು ಯಾಕಿಲ್ಲ ಅಂತ ಜಗಳ ತೆಗೆದವರೊಬ್ಬರು ಮನೆಗೆ ಹೋಗಿ ಗಾಳಿ ಹೋದ ಒಂದನ್ನು ತಂದು ಕೈಗಿಟ್ಟಿದ್ದಾರೆ. ಮೇಲಿನ ಮುಖದಲ್ಲಿ ಎರಡು ಪ್ಯಾನೆಲ್ ಸಿಪ್ಪೆ ಏಳಲು ಶುರುವಾಗಿವೆ, ಗ್ಯಾಲರಿಗೆ ರಜೆ ಇರುವ ದಿನ ಅಲ್ಲಿಗೆ ಇದನ್ನು ಹೊಲಿಯುತ್ತೇನೆ. ರಂಧ್ರ ಎಣಿಸಿದೆ, ಹೊಂದುತ್ತದೆ.